ಸೀಸೆಯೊಳಗಿನ ಬಸವನಹುಳು

ಔಷಧದ ಸೀಸೆಯನ್ನಾಗಲಿ ಬಿಸ್ಕತ್ತಿನ ಪೊಟ್ಟಣವನ್ನಾಗಲಿ ಬಿಚ್ಚುವಾಗ ಅದನ್ನು ಮಾಡಿದವನ ಮುಖವನ್ನು ನಾವಾರೂ ನೆನೆಯುವುದಿಲ್ಲ. ನೆನೆಯಬೇಕೆಂದರೂ ಆ ಮುಖವನ್ನು ನಾವು ಕಂಡವರಲ್ಲ. ನಮಗೆ ಮಾರಿದ ಅಂಗಡಿಯವನೂ ಕಂಡವನಲ್ಲ. ಹಿಂದೆ ಹೀಗಿರಲಿಲ್ಲ. ಗಡಿಗೆ ಸೋರಿದರೆ ಕುಂಬಾರನ ಮನೆ ಊರಿನಲ್ಲಿಯೇ ಇದ್ದಿತು. ಕುಡುಗೋಲು ಮುರಿದರೆ ಕಮ್ಮಾರನ ಕುಲುಮೆಗೆ ಹೋಗಿ ಕೇಳಬಹುದಾಗಿದ್ದಿತು. ಎಣ್ಣೆ ಕಮಟಾಗಿದ್ದರೆ ಗಾಣಿಗನಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಮಾಡಿದವನೂ ಮಾರಿದವನೂ ಬಹುಮಟ್ಟಿಗೆ ಒಬ್ಬನೇ. ಕಾರ್ಖಾನೆಗಳು ಬಂದ ಮೇಲೆ ಇವರಿಬ್ಬರೂ ಬೇರೆಯಾದರು; ನಡುವೆ ಸಗಟು ವ್ಯಾಪಾರಿ, ಏಜೆಂಟ, ಚಿಲ್ಲರೆ ಅಂಗಡಿಯವ ಎಂದು ಮೂರುನಾಲ್ಕು ಜನ ನಿಂತರು. ಹೀಗೆ ಕೈಯಿಂದ ಕೈಗೆ ದಾಟಿ ಬಂದ ಒಂದು ವಸ್ತು ನಮ್ಮ ಮನೆಯ ಮಗುವಿನ ಕೈಯಲ್ಲಿ ಸಿಡಿದರೆ, ಅಥವಾ ಹೊಟ್ಟೆಗೆ ಹೋಗಿ ಕೆಡುಕುಮಾಡಿದರೆ, ಹೊಣೆ ಯಾರದು?

ಈಗ ಈ ಪ್ರಶ್ನೆಗೆ ‘ಮಾಡಿದವನದು’ ಎಂದು ಥಟ್ಟನೆ ಉತ್ತರ ಹೇಳುತ್ತೇವೆ. ಆದರೆ ನ್ಯಾಯಾಲಯಗಳು ಅಷ್ಟು ಸುಲಭವಾಗಿ ಈ ಉತ್ತರಕ್ಕೆ ಬಂದವಲ್ಲ. ನೂರು ವರ್ಷಗಳ ಕಾಲ ಅವು ಇದಕ್ಕೆ ವಿರುದ್ಧವಾದ ಉತ್ತರವನ್ನೇ ಹೇಳಿದವು. ಕೊನೆಗೆ ಅವುಗಳ ಮನಸ್ಸನ್ನು ತಿರುಗಿಸಿದ್ದು ಸ್ಕಾಟ್ಲೆಂಡಿನ ಒಂದು ಊರಿನಲ್ಲಿ ಒಬ್ಬ ಬಡ ಹೆಂಗಸು ಕುಡಿದ ಶುಂಠಿ ಪಾನೀಯ. ಕಾನೂನು ಓದಿದವರಿಗೆ ಈ ಕಥೆ ಬಾಯಿಪಾಠ. ವಕೀಲರಲ್ಲದವರಿಗೂ ಅದು ತಿಳಿದಿರುವುದು ಒಳ್ಳೆಯದು. ಏಕೆಂದರೆ ಸೀಸೆಗಳ ಬಿರಡೆ ತೆಗೆಯುವವರು ನಾವು.

ಮೊದಲು ನಮ್ಮವರ ಮಾತು. ನಮ್ಮ ಧರ್ಮಶಾಸ್ತ್ರಕಾರರು ಕೊಳ್ಳುವವನನ್ನು ಮರೆತವರಲ್ಲ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ‘ಕ್ರೀತಾನುಶಯ’ ಎಂಬ ಪ್ರಕರಣವೊಂದಿದೆ. ಕ್ರೀತವೆಂದರೆ ಕೊಂಡದ್ದು, ಅನುಶಯವೆಂದರೆ ಪಶ್ಚಾತ್ತಾಪ. ಕೊಂಡಮೇಲೆ ‘ಅಯ್ಯೋ, ಏಕಾದರೂ ಕೊಂಡೆನೋ’ ಎನ್ನುವವನಿಗೆ ಶಾಸ್ತ್ರವು ಬಿಟ್ಟಿರುವ ಬಾಗಿಲು ಇದು. ಸರಕನ್ನು ಪರೀಕ್ಷಿಸಿ ನೋಡಲು ಅಲ್ಲಿ ಗಡುವುಗಳನ್ನು ಹೇಳಿದೆ: ಕಬ್ಬಿಣಕ್ಕೆ ೧ ದಿನ, ಕರೆಯುವ ಹಸು ಎಮ್ಮೆಗಳಿಗೆ ೩ ದಿನ, ಹೊರೆ ಎಳೆಯುವ ಪ್ರಾಣಿಗಳಿಗೆ ೫, ರತ್ನಗಳಿಗೆ ೭, ಬಿತ್ತನೆಯ ಬೀಜಕ್ಕೆ ೧೦. ಬೀಜಕ್ಕೆ ಹತ್ತು ದಿನವೇಕೆಂದು ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಮೊಳಕೆ ಕಾಣಿಸಬೇಕಲ್ಲ. ಅದೇ ಶ್ಲೋಕದಲ್ಲಿ ಹೆಣ್ಣಾಳಿಗೆ ಒಂದು ತಿಂಗಳು, ಗಂಡಾಳಿಗೆ ಅರ್ಧ ತಿಂಗಳು ಎಂದೂ ಇದೆ. ಆಳುಗಳನ್ನು ಎತ್ತುಗಳಂತೆ ಮಾರುತ್ತಿದ್ದ ಕಾಲವದು. ಹಳೆಯದನ್ನು ಹೊಗಳುವಾಗ ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಕೆಟ್ಟ ಸರಕನ್ನು ಒಳ್ಳೆಯದೆಂದು ಮಾರಿದವನಿಗೆ ಬೆಲೆಯ ಎರಡರಷ್ಟು ದಂಡವನ್ನೂ ಅದೇ ಸ್ಮೃತಿ ವಿಧಿಸುತ್ತದೆ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದ್ದವನೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಆದರೆ ಈ ಗಡುವುಗಳೆಲ್ಲ ಕೊಂಡವನಿಗೂ ಮಾರಿದವನಿಗೂ ನಡುವಿನ ಲೆಕ್ಕ. ಬೆಲೆಯನ್ನು ಕೊಟ್ಟವನಿಗೆ ಬೆಲೆ ಹಿಂದಕ್ಕೆ ಬರುತ್ತದೆ. ಬೆಲೆ ಕೊಡದ ಮೂರನೆಯವನೊಬ್ಬನಿಗೆ ಆ ವಸ್ತುವಿನಿಂದ ಗಾಯವಾದರೆ ಏನು ಎಂಬುದಕ್ಕೆ ಇಲ್ಲಿ ಉತ್ತರವಿಲ್ಲ. ಕುಂಬಾರನೂ ಕಮ್ಮಾರನೂ ಕಣ್ಣೆದುರಿಗೇ ಇದ್ದ ಕಾಲದಲ್ಲಿ ಆ ಪ್ರಶ್ನೆ ಅಷ್ಟು ಬಿಸಿಯಾಗಿರಲಿಲ್ಲವೆಂದು ತೋರುತ್ತದೆ. ಅದು ಬಿಸಿಯಾದದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ, ಯಂತ್ರಗಳ ಕಾವಿನಲ್ಲಿ.

೧೮೪೦ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಹೋಲಿಹೆಡ್ ಎಂಬ ರೇವುಪಟ್ಟಣದ ಕಡೆಗೆ ಟಪ್ಪಾಲನ್ನು ಹೊತ್ತ ಕುದುರೆಗಾಡಿಯೊಂದು ಹೋಗುತ್ತಿದ್ದಿತು. ಗಾಡಿ ಹೊಡೆಯುತ್ತಿದ್ದವನ ಹೆಸರು ವಿಂಟರ್‌ಬಾಟಮ್. ದಾರಿಯಲ್ಲಿ ಗಾಡಿ ಮುರಿದುಬಿದ್ದಿತು; ಆತ ಜನ್ಮವಿಡೀ ಕುಂಟನಾದ. ಗಾಡಿಯಲ್ಲಿ ಹೊರಗೆ ಕಾಣದ ದೋಷವೊಂದಿದ್ದಿತು. ಅದನ್ನು ಒದಗಿಸಿ ಸುಸ್ಥಿತಿಯಲ್ಲಿ ಇಟ್ಟಿರುವುದಾಗಿ ಒಪ್ಪಿಕೊಂಡಿದ್ದವನು ರೈಟ್ ಎಂಬುವನು. ಆದರೆ ರೈಟ್ ಒಪ್ಪಂದ ಮಾಡಿಕೊಂಡಿದ್ದುದು ಅಂಚೆಯ ಮುಖ್ಯಾಧಿಕಾರಿಯೊಡನೆ. ಕುದುರೆಗಳನ್ನೂ ಗಾಡಿಕಾರರನ್ನೂ ಒದಗಿಸಲು ಇನ್ನೊಬ್ಬನು ಅದೇ ಅಧಿಕಾರಿಯೊಡನೆ ಬೇರೆ ಒಪ್ಪಂದ ಮಾಡಿಕೊಂಡಿದ್ದ. ಕುಂಟನಾದ ಗಾಡಿಕಾರ ಈ ಇನ್ನೊಬ್ಬನ ಆಳು. ಅವನಿಗೂ ರೈಟನಿಗೂ ಮಾತಿಲ್ಲ, ಕತೆಯಿಲ್ಲ, ಕಾಗದವಿಲ್ಲ.

ಆತ ರೈಟನ ಮೇಲೆ ದಾವೆ ಹೂಡಿದ. ೧೮೪೨ರಲ್ಲಿ ನ್ಯಾಯಾಧೀಶರು ಅದನ್ನು ತಳ್ಳಿಹಾಕಿದರು. ಅವರು ಕೊಟ್ಟ ಕಾರಣವನ್ನು ಕೇಳಬೇಕು. ಇವನಿಗೆ ಪರಿಹಾರ ಕೊಟ್ಟರೆ, ಗಾಡಿಯಲ್ಲಿ ಕುಳಿತ ಪ್ರತಿಯೊಬ್ಬ ಪ್ರಯಾಣಿಕನೂ, ಅಷ್ಟೇಕೆ, ಗಾಡಿ ಉರುಳಿದಾಗ ದಾರಿಯಲ್ಲಿ ಹೋಗುತ್ತಿದ್ದವನೂ ದಾವೆ ತರುವನು. ಇದಕ್ಕೆ ಕೊನೆಯೆಲ್ಲಿ ಎಂದರು ಮುಖ್ಯ ನ್ಯಾಯಾಧೀಶ ಲಾರ್ಡ್ ಅಬಿಂಜರ್. ಒಪ್ಪಂದದ ಗೆರೆಯನ್ನು ಒಂದು ಹೆಜ್ಜೆ ದಾಟಿದರೆ ಐವತ್ತು ಹೆಜ್ಜೆ ಏಕೆ ದಾಟಬಾರದು ಎಂದರು ಜೊತೆಯ ನ್ಯಾಯಾಧೀಶ ಆಲ್ಡರ್ಸನ್. ಒಂದು ಹೆಜ್ಜೆ, ಐವತ್ತು ಹೆಜ್ಜೆ ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಂಡಿರಬೇಕು. ತೊಂಬತ್ತು ವರ್ಷಗಳ ಮೇಲೆ ಅದು ಮತ್ತೆ ಕೇಳಿಬರುತ್ತದೆ.

ನ್ಯಾಯಾಧೀಶರು ಕಟುಕರಾಗಿದ್ದರೆಂದು ಹೇಳಲಾರೆ. ಗಾಡಿಕಾರನಿಗಾಗಿ ಅವರೂ ಮರುಗಿದರು. ಹೊಸದಾಗಿ ಏಳುತ್ತಿದ್ದ ಕಾರ್ಖಾನೆಗಳು ದಾವೆಗಳ ಭಾರಕ್ಕೆ ಕುಸಿದಾವೆಂಬ ಭಯ ಅವರಿಗೆ ಇದ್ದಿರಬಹುದು. ಆದರೆ ಆ ಭಯದ ಬೆಲೆಯನ್ನು ತೆತ್ತವನು ಕುಂಟನಾದ ಗಾಡಿಕಾರ, ಕಾರ್ಖಾನೆಯವನಲ್ಲ.

ಕಟ್ಟಿದ ಗೋಡೆಯಲ್ಲಿ ಒಂದೆರಡು ಕಂಡಿಗಳೂ ಇದ್ದವು. ಈ ತೀರ್ಪಿಗೆ ಐದು ವರ್ಷ ಮೊದಲು, ೧೮೩೭ರಲ್ಲಿ, ಬಂದೂಕಿನ ಮೊಕದ್ದಮೆಯೊಂದು ನಡೆದಿದ್ದಿತು. ತನಗೂ ತನ್ನ ಮಕ್ಕಳಿಗೂ ಬೇಕೆಂದು ಹೇಳಿ ತಂದೆ ಕೊಂಡ ಬಂದೂಕು ಮಗನ ಕೈಯಲ್ಲಿ ಸಿಡಿದು ಕೈಯನ್ನೇ ಕಳೆಯಿತು. ಹೆಸರಾಂತ ಕುಶಲಿಯೊಬ್ಬನು ಮಾಡಿದ ಬಂದೂಕೆಂದು ಮಾರಿದವನು ಸುಳ್ಳು ಹೇಳಿದ್ದ. ಆ ಸುಳ್ಳಿಗಾಗಿ ಮಗನಿಗೆ ಪರಿಹಾರ ದೊರೆಯಿತು. ಬಂದೂಕು ಕೆಟ್ಟದ್ದೆಂಬುದಕ್ಕಾಗಿ ಅಲ್ಲ. ೧೮೫೨ರಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ, ನಿರಪಾಯಕಾರಿಯಾದ ಗಿಡಮೂಲಿಕೆಯ ಸತ್ತ್ವವೆಂದು ಚೀಟಿ ಅಂಟಿಸಿದ್ದ ಜಾಡಿಯಲ್ಲಿ ಬೆಲ್ಲಡೋನ ಎಂಬ ವಿಷಮೂಲಿಕೆ ಇದ್ದು, ಅದನ್ನು ಕುಡಿದ ಹೆಂಗಸು ಸಾವಿನ ಬಾಗಿಲಿಗೆ ಹೋಗಿ ಬಂದಳು. ಚೀಟಿ ಅಂಟಿಸಿದವನಿಗೂ ಆಕೆಗೂ ನಡುವೆ ಇಬ್ಬರು ವ್ಯಾಪಾರಿಗಳಿದ್ದರೂ ಅವನೇ ಹೊಣೆಯೆಂದು ಅಲ್ಲಿಯ ನ್ಯಾಯಾಲಯ ಹೇಳಿತು. ವಿಷ, ಮದ್ದುಗುಂಡುಗಳಂತಹ ‘ಸ್ವಭಾವತಃ ಅಪಾಯಕರ’ವಾದ ವಸ್ತುಗಳಿಗೆ ಮಾತ್ರ ಈ ವಿನಾಯಿತಿ. ಶುಂಠಿ ಪಾನೀಯವನ್ನು ಯಾರು ತಾನೇ ಸ್ವಭಾವತಃ ಅಪಾಯಕರವೆಂದಾರು?

ಅದೇ ನ್ಯೂಯಾರ್ಕಿನಲ್ಲಿ ೧೯೧೬ರಲ್ಲಿ ಗೋಡೆ ಮತ್ತಷ್ಟು ಬಿರುಕುಬಿಟ್ಟಿತು. ಮ್ಯಾಕ್‌ಫರ್ಸನ್ ಎಂಬುವನು ಬ್ಯೂಯಿಕ್ ಕಂಪೆನಿಯ ಮೋಟಾರನ್ನು ಅಂಗಡಿಯಿಂದ ಕೊಂಡಿದ್ದ. ಅದರ ಚಕ್ರದ ಮರದ ಅರೆಗಳು ಪುಡಿಯಾಗಿ ಆತ ಗಾಡಿಯಿಂದ ಎಸೆಯಲ್ಪಟ್ಟ. ನಾವು ಮಾರಿದ್ದು ಅಂಗಡಿಯವನಿಗೆ, ಇವನಿಗಲ್ಲ ಎಂದಿತು ಕಂಪೆನಿ. ಮೋಟಾರಿನಲ್ಲಿ ಎಂದಿಗೂ ಕುಳಿತು ಹೋಗದವನು ಯಾರಾದರೂ ಇದ್ದರೆ ಅದು ಆ ಅಂಗಡಿಯವನೇ, ಕಾನೂನು ಅವನೊಬ್ಬನನ್ನೇ ಕಾಪಾಡುವುದಾದರೆ ಅದೆಂತಹ ಕಾನೂನು ಎಂಬ ಧಾಟಿಯಲ್ಲಿ ನ್ಯಾಯಾಧೀಶ ಕಾರ್ಡೊಜೊ ಉತ್ತರಕೊಟ್ಟರು. ಆದರೆ ಅದು ಅಮೆರಿಕದ ಮಾತು. ಬ್ರಿಟನ್ನಿನಲ್ಲಿಯೂ ಬ್ರಿಟನ್ನಿನ ಆಳ್ವಿಕೆಯಲ್ಲಿದ್ದ ನಮ್ಮಂತಹ ದೇಶಗಳಲ್ಲಿಯೂ ಅದಕ್ಕೆ ಆಜ್ಞೆಯ ಬಲವಿರಲಿಲ್ಲ.

ಇನ್ನು ಪೇಸ್ಲಿಗೆ ಬರೋಣ. ಗ್ಲಾಸ್ಗೋ ನಗರದ ಪಕ್ಕದಲ್ಲಿರುವ, ಶಾಲುಗಳ ನೇಯ್ಗೆಗೆ ಹೆಸರಾದ ಊರು ಅದು. ೧೯೨೮ನೆಯ ಆಗಸ್ಟ್ ೨೬, ಭಾನುವಾರ. ಮೇ ಡೊನೊಹ್ಯೂ ಎಂಬ ಮೂವತ್ತು ವರ್ಷದ ಹೆಂಗಸು ಗ್ಲಾಸ್ಗೋದಿಂದ ಅಲ್ಲಿಗೆ ಬಂದಿದ್ದಳು. ಉಕ್ಕಿನ ಕೆಲಸಗಾರನ ಮಗಳು, ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವಳು. ಹೆತ್ತ ನಾಲ್ಕು ಮಕ್ಕಳಲ್ಲಿ ಬದುಕಿ ಉಳಿದದ್ದು ಒಂದೇ. ಗಂಡನಿಂದ ಬೇರೆಯಾಗಿದ್ದಳು. ಸ್ನೇಹಿತರೊಬ್ಬರೊಡನೆ ವೆಲ್‌ಮೆಡೊ ಎಂಬ ಸಣ್ಣ ಕಾಫಿ ಅಂಗಡಿಗೆ ಹೋದಳು. ತಿಂಡಿಗೆ ಹೇಳಿದವರೂ ಹಣ ಕೊಟ್ಟವರೂ ಆ ಸ್ನೇಹಿತರು. ಈ ಸಣ್ಣ ಸಂಗತಿಯ ಮೇಲೆಯೇ ಮುಂದಿನದೆಲ್ಲ ನಿಂತಿದೆ.

ಅಂಗಡಿಯ ಯಜಮಾನ ಲೋಟದಲ್ಲಿ ಐಸ್‌ಕ್ರೀಮು ಹಾಕಿ, ಅದರ ಮೇಲೆ ಸೀಸೆಯಿಂದ ಜಿಂಜರ್ ಬಿಯರನ್ನು ಸುರಿದ. ಹೆಸರಿನಲ್ಲಿ ಬಿಯರ್ ಇದ್ದರೂ ಅದು ಹೆಂಡವಲ್ಲ. ಶುಂಠಿಯ ರುಚಿಯ, ನೊರೆಯೇಳುವ ಪಾನೀಯ. ಸೀಸೆ ಕಪ್ಪು ಗಾಜಿನದು, ಒಳಗಿರುವುದು ಕಾಣದು. ಅದರ ಮೇಲೆ ಪೇಸ್ಲಿಯ ಡಿ. ಸ್ಟೀವನ್‌ಸನ್ ಎಂಬ ತಯಾರಕನ ಹೆಸರಿದ್ದಿತು. ಆಕೆ ಸ್ವಲ್ಪ ಕುಡಿದಳು. ಉಳಿದುದನ್ನು ಲೋಟಕ್ಕೆ ಬಗ್ಗಿಸಲು ಸ್ನೇಹಿತರು ಸೀಸೆಯನ್ನು ಎತ್ತಿದಾಗ ಒಳಗಿನಿಂದ ಕೊಳೆತ ಬಸವನಹುಳುವೊಂದು ತೇಲಿ ಬಂದಿತು. ಆ ನೋಟದ ಅಸಹ್ಯ ಒಂದು ಕಡೆ, ಆಗಲೇ ಕುಡಿದುಬಿಟ್ಟಿದ್ದ ಪಾನೀಯ ಇನ್ನೊಂದು ಕಡೆ. ಮೂರು ದಿನಗಳ ಮೇಲೆ ವೈದ್ಯರ ಬಳಿಗೆ ಹೋದಳು. ಸೆಪ್ಟೆಂಬರಿನಲ್ಲಿ ಗ್ಲಾಸ್ಗೋದ ದೊಡ್ಡಾಸ್ಪತ್ರೆಯಲ್ಲಿ ಚಿಕಿತ್ಸೆಯಾಯಿತು. ಜಠರ ಕರುಳುಗಳ ಉರಿಯೂತ ಮತ್ತು ಮನಸ್ಸಿನ ಆಘಾತ ಎಂದು ದಾವೆಯ ಕಾಗದಗಳಲ್ಲಿದೆ. ಇಷ್ಟೂ ಆಕೆಯ ಹೇಳಿಕೆಯ ಪ್ರಕಾರ.

ಯಾರ ಮೇಲೆ ದೂರು ಕೊಡುವುದು? ಅಂಗಡಿಯವನ ಮೇಲೆ ಕೊಡುವಂತಿಲ್ಲ. ಅವನೊಡನೆ ವ್ಯಾಪಾರ ಮಾಡಿದವಳು ಆಕೆಯಲ್ಲ. ಮುಚ್ಚಿದ ಕಪ್ಪು ಸೀಸೆಯೊಳಗೆ ಇಣುಕಿ ನೋಡಲಿಲ್ಲವೆಂದು ಅವನನ್ನು ದೂರುವುದೂ ಸರಿಯಲ್ಲ. ಸ್ನೇಹಿತರೇ ದಾವೆ ತರಬಹುದೆಂದರೆ, ಅವರಿಗೆ ಕಾಯಿಲೆಯೇ ಆಗಿಲ್ಲ. ಹಣ ಕೊಟ್ಟವರಿಗೆ ಹೊಟ್ಟೆನೋವಿಲ್ಲ, ಹೊಟ್ಟೆನೋವಿದ್ದವಳು ಹಣ ಕೊಟ್ಟಿಲ್ಲ. ಉಳಿದವನು ಸ್ಟೀವನ್‌ಸನ್. ಅವನೋ ಈಕೆಯ ಹೆಸರನ್ನೂ ಕೇಳಿದವನಲ್ಲ.

ಗ್ಲಾಸ್ಗೋದಲ್ಲಿ ವಾಲ್ಟರ್ ಲೀಚ್‌ಮನ್ ಎಂಬ ವಕೀಲರಿದ್ದರು. ಇಂತಹದೇ ಪಾನೀಯದ ಸೀಸೆಯಲ್ಲಿ ಸತ್ತ ಇಲಿ ಸಿಕ್ಕಿದ ಬೇರೊಂದು ಮೊಕದ್ದಮೆಯನ್ನು ಅವರು ನಡೆಸಿದ್ದರು. ೧೯೨೯ನೆಯ ಮಾರ್ಚ್ ೨೦ರಂದು ಅದು ಸೋತಿತು. ಬೇರೆಯವರಾಗಿದ್ದರೆ ಇಲಿಯ ದಾರಿಯಲ್ಲಿ ಹುಳುವೂ ಹೋಗಲೆಂದು ಸುಮ್ಮನಾಗುತ್ತಿದ್ದರು. ಲೀಚ್‌ಮನ್ನರು ಏಪ್ರಿಲ್ ೯ರಂದು, ಎಂದರೆ ಇಪ್ಪತ್ತು ದಿನಗಳೊಳಗೆ, ಮೇ ಡೊನೊಹ್ಯೂ ಪರವಾಗಿ ೫೦೦ ಪೌಂಡು ಪರಿಹಾರ ಬೇಡಿ ದಾವೆ ಹೂಡಿದರು. ಹಟವೆನ್ನಬೇಕೋ ಧರ್ಮಬುದ್ಧಿಯೆನ್ನಬೇಕೋ ತಿಳಿಯದು. ಕಾನೂನಿನ ಚರಿತ್ರೆಯಲ್ಲಿ ಇವೆರಡೂ ಬೆರೆತ ಕಡೆಯೇ ಹೆಚ್ಚು ಕೆಲಸವಾಗಿದೆ. ಬಳಸಿದ ಖಾಲಿ ಸೀಸೆಗಳನ್ನು ತೊಳೆದು ಮತ್ತೆ ತುಂಬುವುದು ಆಗಿನ ಪದ್ಧತಿ, ನಮ್ಮ ಗೋಲಿಸೋಡದವರಂತೆಯೇ. ಬಸವನಹುಳುಗಳು ಸುಲಭವಾಗಿ ಹರಿದಾಡಬಹುದಾದ ಜಾಗದಲ್ಲಿ ಸ್ಟೀವನ್‌ಸನ್ ಸೀಸೆಗಳನ್ನು ಇಡುತ್ತಿದ್ದನೆಂದೂ, ಹುಳುಗಳ ಅಂಟುಜಾಡು ಅಲ್ಲಿ ಮತ್ತೆ ಮತ್ತೆ ಕಾಣುತ್ತಿತ್ತೆಂದೂ ವಾದಿಯ ಆರೋಪ.

ಎಡಿನ್‌ಬರೋದ ನ್ಯಾಯಾಲಯದಲ್ಲಿ ಮೊದಲನೆಯ ನ್ಯಾಯಾಧೀಶರು ೧೯೩೦ರ ಜೂನಿನಲ್ಲಿ ಆಕೆಯ ಪರವಾಗಿ ಹೇಳಿದರು. ಸ್ಟೀವನ್‌ಸನ್ ಅಪೀಲು ಹೋದ. ನವೆಂಬರಿನಲ್ಲಿ ನಾಲ್ವರು ನ್ಯಾಯಾಧೀಶರಲ್ಲಿ ಮೂವರು ಆಕೆಯ ವಿರುದ್ಧ ನಿಂತರು. ಇಲಿಯ ಮೊಕದ್ದಮೆಯನ್ನು ತೀರ್ಮಾನಿಸಿದವರೂ ಅವರೇ. ಉಳಿದದ್ದು ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್, ಆ ದೇಶದ ಆಗಿನ ಅತ್ಯುನ್ನತ ನ್ಯಾಯಪೀಠ. ಅಲ್ಲಿಗೆ ಹೋಗಲು ಖರ್ಚಿಗೆ ಠೇವಣಿಯಿಡಬೇಕು. ಆಕೆ ಪಾಪರ್ ಅರ್ಜಿ ಹಾಕಿದಳು. ನಮ್ಮ ಸಿವಿಲ್ ಕೋರ್ಟುಗಳ ಮೆಟ್ಟಿಲು ಹತ್ತಿದವರಿಗೆ ಈ ಮಾತು ಪರಿಚಿತ. ಈ ಪ್ರಪಂಚದಲ್ಲಿ ತನ್ನದೆನ್ನುವ ಆಸ್ತಿ ಐದು ಪೌಂಡಿನಷ್ಟೂ ಇಲ್ಲವೆಂದು ಆಕೆ ಪ್ರಮಾಣಮಾಡಿದಳು. ಚರ್ಚಿನ ಪಾದ್ರಿಯೊಬ್ಬರೂ ಇಬ್ಬರು ಹಿರಿಯರೂ ಹೌದೆಂದು ಸಾಕ್ಷಿ ಹಾಕಿದರು. ಅರ್ಜಿ ಅಂಗೀಕಾರವಾಯಿತು.

೧೯೩೧ನೆಯ ಡಿಸೆಂಬರ್ ೧೦ ಮತ್ತು ೧೧ರಂದು ಐವರು ಲಾರ್ಡುಗಳು ವಾದವನ್ನು ಕೇಳಿದರು. ಐದು ತಿಂಗಳಿಗೂ ಹೆಚ್ಚು ಕಾಲ ಆಲೋಚಿಸಿ, ೧೯೩೨ನೆಯ ಮೇ ೨೬ರಂದು ತೀರ್ಪು ಹೇಳಿದರು. ಅವರ ಮುಂದಿದ್ದ ಪ್ರಶ್ನೆ ಹುಳು ಇದ್ದಿತೋ ಇಲ್ಲವೋ ಎಂಬುದಲ್ಲ. ಆಕೆ ಹೇಳಿದ್ದೆಲ್ಲ ನಿಜವೆಂದೇ ಇಟ್ಟುಕೊಂಡರೆ ಕಾನೂನಿನಲ್ಲಿ ಆಕೆಗೆ ಪರಿಹಾರವುಂಟೆ ಎಂಬುದಷ್ಟೇ.

ಇಬ್ಬರು ಇಲ್ಲವೆಂದರು. ಅವರಲ್ಲಿ ಹಿರಿಯರಾದ ಲಾರ್ಡ್ ಬಕ್‌ಮಾಸ್ಟರ್ ಹಳೆಯ ಟಪ್ಪಾಲುಗಾಡಿಯನ್ನು ಮತ್ತೆ ಹೊರಡಿಸಿದರು. ಒಂದು ಹೆಜ್ಜೆ ಇಟ್ಟರೆ ಐವತ್ತು ಹೆಜ್ಜೆ ಏಕಿಡಬಾರದು ಎಂಬ ಅದೇ ಮಾತು. ಕೆಟ್ಟದಾಗಿ ಕಟ್ಟಿದ ಮನೆಯ ಛಾವಣಿ ಬಿದ್ದು ಒಳಗಿದ್ದವನಿಗೆ ಪೆಟ್ಟಾದರೂ ಕಟ್ಟಿದವನ ಮೇಲೆ ದಾವೆ ನಡೆಯದಿರುವಾಗ ಸೀಸೆಗೇಕೆ ಈ ಭಾಗ್ಯವೆಂದು ಕೇಳಿದರು. ಹಾಸ್ಯದ ಮಾತಲ್ಲ ಇದು. ಕಾನೂನನ್ನು ಬದಲಾಯಿಸುವುದು ಶಾಸನಸಭೆಯ ಕೆಲಸ, ನ್ಯಾಯಾಧೀಶರು ಇದ್ದುದನ್ನು ಇದ್ದಂತೆ ಹೇಳಬೇಕು ಎಂಬ ನಿಷ್ಠೆ ಅದರ ಹಿಂದಿದೆ. ಅವರ ಮಾತನ್ನು ಒಪ್ಪದಿದ್ದರೂ ಆ ನಿಷ್ಠೆಯನ್ನು ಗೌರವಿಸಬಹುದು. ಆದರೆ ಛಾವಣಿ ಬಿದ್ದವನಿಗೂ ಪರಿಹಾರವಿಲ್ಲದಿರುವುದು ಅನ್ಯಾಯವೆಂದಾದರೆ, ಒಂದು ಅನ್ಯಾಯವನ್ನು ತೋರಿಸಿ ಇನ್ನೊಂದನ್ನು ಉಳಿಸಿಕೊಳ್ಳುವುದು ಯಾವ ನ್ಯಾಯ ಎಂದು ನನಗೆ ಅನ್ನಿಸುತ್ತದೆ.

ಮೂವರು ಉಂಟೆಂದರು. ಅವರಲ್ಲಿ ಇಬ್ಬರು, ಥ್ಯಾಂಕರ್ಟನ್ ಮತ್ತು ಮ್ಯಾಕ್‌ಮಿಲನ್, ಸ್ಕಾಟ್ಲೆಂಡಿನವರೇ. ಮೂರನೆಯವರು ಲಾರ್ಡ್ ಆಟ್ಕಿನ್. ೧೮೬೭ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಹುಟ್ಟಿ ವೇಲ್ಸಿನಲ್ಲಿ ಬೆಳೆದವರು. ಅವರ ತೀರ್ಪೇ ಮುಂದೆ ಪ್ರಸಿದ್ಧವಾದದ್ದು.

ಬೈಬಲಿನ ಲೂಕನ ಸುವಾರ್ತೆಯಲ್ಲಿ ಒಂದು ಕಥೆಯಿದೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕೆಂಬ ವಿಧಿಯನ್ನು ಕುರಿತು ಮಾತನಾಡುವಾಗ, ನನ್ನ ನೆರೆಯವನು ಯಾರು ಎಂದು ಒಬ್ಬನು ಏಸುವನ್ನು ಕೇಳುತ್ತಾನೆ. ಕೇಳಿದವನು ಧರ್ಮಶಾಸ್ತ್ರ ಬಲ್ಲವನು; ಶಾಸ್ತ್ರಜ್ಞರಿಗೇ ಇಂತಹ ಸಂಶಯ ಬರುವುದು. ಉತ್ತರವಾಗಿ ಏಸು, ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದಿದ್ದವನನ್ನು ತನ್ನವರು ದಾಟಿ ಹೋದುದನ್ನೂ, ಪರಕೀಯನಾದ ಸಮಾರ್ಯದವನು ಎತ್ತಿ ಆರೈಕೆ ಮಾಡಿದುದನ್ನೂ ಹೇಳುತ್ತಾನೆ. ಆಟ್ಕಿನ್ನರು ಇದೇ ಪ್ರಶ್ನೆಯನ್ನು ನ್ಯಾಯಪೀಠಕ್ಕೆ ತಂದರು. ಪ್ರೀತಿಸೆಂದು ಕಾನೂನು ಯಾರಿಗೂ ಆಜ್ಞೆ ಮಾಡಲಾರದು. ಆದರೆ ನೆರೆಯವನಿಗೆ ಕೇಡು ಮಾಡಬೇಡವೆಂದು ಹೇಳಬಲ್ಲದು. ನೆರೆಯವನೆಂದರೆ ಗೋಡೆಯಾಚೆ ಇರುವವನಲ್ಲ. ನಾನು ಒಂದು ಕೆಲಸವನ್ನು ಮಾಡುವಾಗ ಅದರ ಫಲ ಯಾರನ್ನು ನೇರವಾಗಿ ತಟ್ಟುವುದೆಂದು ನಾನು ಯೋಚಿಸಬೇಕಾಗಿದೆಯೋ ಅವರೆಲ್ಲ ನನ್ನ ನೆರೆಯವರು. ಇದು ಅವರ ಮಾತಿನ ತಾತ್ಪರ್ಯ. ಮುಚ್ಚಳ ಹಾಕಿ ಕಳುಹಿಸುವ ತಯಾರಕನಿಗೆ, ನಡುವೆ ಯಾರೂ ಅದನ್ನು ಬಿಚ್ಚಿ ಪರೀಕ್ಷಿಸಲಾರರು, ಕೊನೆಗೆ ಕುಡಿಯುವವನ ಬಾಯಿಗೆ ಅದು ತನ್ನ ಕಾರ್ಖಾನೆಯಿಂದ ಹೊರಟಂತೆಯೇ ಸೇರುತ್ತದೆ ಎಂಬುದು ಗೊತ್ತಿದೆ. ಆದುದರಿಂದ ಕುಡಿಯುವವರು, ಅವರು ಯಾರೇ ಆಗಿರಲಿ, ಅವನ ನೆರೆಯವರು.

ಗಾಡಿಯ ಕಾಲದಲ್ಲಿ ನ್ಯಾಯಾಲಯ ಕೇಳಿದ್ದು ‘ನೀನು ಯಾರೊಡನೆ ಕರಾರು ಮಾಡಿಕೊಂಡೆ?’ ಎಂದು. ಈಗ ಕೇಳಿದ್ದು ‘ನಿನ್ನಿಂದ ಯಾರಿಗೆ ಕೇಡಾಗಬಹುದೆಂದು ನಿನಗೆ ತೋರಬೇಕಾಗಿದ್ದಿತು?’ ಎಂದು. ಪ್ರಶ್ನೆ ಬದಲಾದ ಮೇಲೆ ಉತ್ತರವೂ ಬದಲಾಯಿತು. ಐದು ಪೌಂಡಿನ ಆಸ್ತಿಯಿಲ್ಲದವಳು ಅದನ್ನು ಬದಲಾಯಿಸಿದಳು.

ಆಕೆಗೆ ಏನು ಸಿಕ್ಕಿತು? ಮೊಕದ್ದಮೆ ಸಾಕ್ಷ್ಯದ ವಿಚಾರಣೆಗಾಗಿ ಎಡಿನ್‌ಬರೋಗೆ ಹಿಂದಿರುಗಬೇಕಾಗಿದ್ದಿತು. ಅಷ್ಟರಲ್ಲಿ, ೧೯೩೨ರ ನವೆಂಬರಿನಲ್ಲಿ, ಸ್ಟೀವನ್‌ಸನ್ ತೀರಿಕೊಂಡ. ಅವನ ಆಸ್ತಿಯನ್ನು ನೋಡಿಕೊಳ್ಳುತ್ತಿದ್ದವರು ೧೯೩೪ರಲ್ಲಿ ರಾಜಿಯಾದರು; ೨೦೦ ಪೌಂಡು ಕೊಟ್ಟರೆಂದು ಹೇಳುತ್ತಾರೆ. ಹೀಗಾಗಿ ಆ ಸೀಸೆಯಲ್ಲಿ ಬಸವನಹುಳು ನಿಜವಾಗಿ ಇದ್ದಿತೆ ಎಂಬುದು ಯಾವ ನ್ಯಾಯಾಲಯದಲ್ಲಿಯೂ ರುಜುವಾತಾಗಲೇ ಇಲ್ಲ. ಅಷ್ಟು ದೊಡ್ಡ ಸೂತ್ರವೊಂದು ಇಷ್ಟು ಸಂದಿಗ್ಧವಾದ ಹುಳುವಿನ ಮೇಲೆ ನಿಂತಿದೆ! ಮೇ ಡೊನೊಹ್ಯೂ ೧೯೫೮ರ ಮಾರ್ಚಿನಲ್ಲಿ ಮಾನಸಿಕ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಳು. ಅಷ್ಟು ಹೊತ್ತಿಗೆ ಆಕೆಯ ಹೆಸರು ಬ್ರಿಟಿಷ್ ನ್ಯಾಯಪದ್ಧತಿ ನಡೆಯುವ ದೇಶಗಳ ಕಾನೂನು ಕಾಲೇಜುಗಳಲ್ಲೆಲ್ಲ ಮೊಳಗುತ್ತಿದ್ದಿತು. ಆ ಕಾಫಿ ಅಂಗಡಿ ಈಗ ಇಲ್ಲ.

ಸೂತ್ರವು ಬಾಯಿಗೆ ಹೋಗುವ ಪದಾರ್ಥಗಳಿಗೆ ಮಾತ್ರವೆಂದು ಕೆಲವರು ವಾದಿಸಿದರು. ಆ ವಾದ ಹೆಚ್ಚು ದಿನ ಬಾಳಲಿಲ್ಲ. ಆಸ್ಟ್ರೇಲಿಯದ ಅಡಿಲೇಡಿನ ವೈದ್ಯರೊಬ್ಬರು ೧೯೩೧ರಲ್ಲಿ ಉಣ್ಣೆಯ ಒಳ ಉಡುಪುಗಳನ್ನು ಕೊಂಡರು. ಹಾಕಿಕೊಂಡ ದಿನವೇ ಮೈ ತುರಿಸತೊಡಗಿತು. ಚರ್ಮದ ಉರಿಯೂತ ಹಬ್ಬಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ತಯಾರಿಸುವಾಗ ಬಳಸಿದ ಸಲ್ಫೈಟ್ ಎಂಬ ರಾಸಾಯನಿಕವನ್ನು ಸರಿಯಾಗಿ ತೊಳೆದು ತೆಗೆದಿರಲಿಲ್ಲ. ಅಲ್ಲಿಯ ಹೈಕೋರ್ಟಿನಲ್ಲಿ ಅವರು ಸೋತರೂ ಲಂಡನ್ನಿನ ಪ್ರಿವಿ ಕೌನ್ಸಿಲು ಅವರ ಪರವಾಗಿ ತೀರ್ಪು ಕೊಟ್ಟಿತು. ಮಾರಿದ ಅಂಗಡಿಯವರೂ ನೇಯ್ದ ಗಿರಣಿಯವರೂ ಇಬ್ಬರೂ ಹೊಣೆ. ಪ್ರಿವಿ ಕೌನ್ಸಿಲು ೧೯೪೯ರವರೆಗೆ ಭಾರತಕ್ಕೂ ಕಟ್ಟಕಡೆಯ ಅಪೀಲು ಪೀಠವಾಗಿದ್ದಿತು. ಪೇಸ್ಲಿಯ ಸೀಸೆ ನಮ್ಮ ನ್ಯಾಯಾಲಯಗಳನ್ನು ಮುಟ್ಟಿದ್ದು ಈ ದಾರಿಯಿಂದ.

ಒಂದು ತೊಡಕು ಉಳಿಯಿತು. ಆಟ್ಕಿನ್ನರ ಸೂತ್ರದಲ್ಲಿ ತಯಾರಕನ ಅಜಾಗರೂಕತೆಯನ್ನು ಗಾಯಗೊಂಡವನೇ ಸಿದ್ಧಪಡಿಸಬೇಕು. ಕಾರ್ಖಾನೆಯ ಗೋಡೆಯೊಳಗೆ ಯಾವ ತಿರುಪು ಯಾವ ದಿನ ಸಡಿಲವಾಯಿತೆಂದು ಹೊರಗಿನವನಿಗೆ ತಿಳಿಯುವುದು ಹೇಗೆ? ೧೯೪೪ರಲ್ಲಿ ಕ್ಯಾಲಿಫೋರ್ನಿಯದ ಉಪಾಹಾರಗೃಹವೊಂದರಲ್ಲಿ ಸೀಸೆಗಳನ್ನು ಜೋಡಿಸುತ್ತಿದ್ದ ಪರಿಚಾರಿಕೆಯ ಕೈಯಲ್ಲಿ ಕೋಕಾ ಕೋಲಾ ಸೀಸೆ ಸಿಡಿದು ಕೈಯನ್ನು ಸೀಳಿದ ಮೊಕದ್ದಮೆ ಬಂದಿತು. ಅಲ್ಲಿ ನ್ಯಾಯಾಧೀಶ ಟ್ರೇನರ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ, ಅಜಾಗರೂಕತೆಯ ಮಾತನ್ನೇ ಬಿಡಿ ಎಂದರು. ದೋಷವುಳ್ಳ ವಸ್ತುವನ್ನು ಪೇಟೆಗೆ ಬಿಟ್ಟವನು ಹೊಣೆ. ಅವನು ನಷ್ಟವನ್ನು ಬೆಲೆಯಲ್ಲಿ ಹಂಚಿಬಿಡಬಲ್ಲ, ಗಾಯಗೊಂಡವಳು ಹಂಚಲಾರಳು. ಆಗ ಅದು ಒಬ್ಬರ ಅಭಿಪ್ರಾಯವಾಗಿದ್ದಿತು. ೧೯೬೩ರಲ್ಲಿ, ಹೆಂಡತಿ ಉಡುಗೊರೆಯಾಗಿ ಕೊಟ್ಟ ಮರಗೆಲಸದ ಯಂತ್ರದಿಂದ ಮರದ ತುಂಡು ಸಿಡಿದು ಹಣೆಗೆ ಬಡಿದವನ ಮೊಕದ್ದಮೆಯಲ್ಲಿ, ಅದೇ ಟ್ರೇನರ್ ಅದನ್ನು ಇಡೀ ನ್ಯಾಯಾಲಯದ ತೀರ್ಪಾಗಿ ಬರೆದರು. ಇಲ್ಲಿಯೂ ನೋಡಿ, ಕೊಂಡವಳು ಒಬ್ಬಳು, ಪೆಟ್ಟು ತಿಂದವನು ಇನ್ನೊಬ್ಬ.

ಯುರೋಪಿಗೆ ಈ ಬುದ್ಧಿ ಬಂದದ್ದು ಬಹಳ ದೊಡ್ಡ ಬೆಲೆ ತೆತ್ತ ಮೇಲೆ. ೧೯೫೭ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥ್ಯಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆ ಮಾರಾಟಕ್ಕೆ ಬಂದಿತು. ಬಸುರಿಯರೂ ಅದನ್ನು ತೆಗೆದುಕೊಂಡರು. ೧೯೬೧ರ ಕೊನೆಯಲ್ಲಿ ಹಿಂತೆಗೆದುಕೊಳ್ಳುವುದರೊಳಗಾಗಿ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲುಗಳು ಕುಗ್ಗಿ ಹುಟ್ಟಿದ್ದರು. ಅಜಾಗರೂಕತೆಯನ್ನು ತೋರಿಸಿ ಎಂದು ಆ ತಾಯಂದಿರನ್ನು ಕೇಳುವುದು ಎಂತಹ ಮಾತು! ೧೯೮೫ರಲ್ಲಿ ಯುರೋಪಿನ ಆರ್ಥಿಕ ಸಮುದಾಯವು ತನ್ನ ಸದಸ್ಯ ದೇಶಗಳಿಗೆ ನಿರ್ದೇಶನ ಕೊಟ್ಟಿತು: ವಸ್ತುವಿನಲ್ಲಿ ದೋಷವಿದ್ದಿತು, ಅದರಿಂದ ಕೇಡಾಯಿತು ಎಂದು ತೋರಿಸಿದರೆ ಸಾಕು.

ನಮ್ಮ ದೇಶದಲ್ಲಿ ೧೯೩೦ರ ಸರಕು ಮಾರಾಟದ ಕಾಯಿದೆ ಕೊಂಡವನಿಗೂ ಮಾರಿದವನಿಗೂ ನಡುವಿನ ಮಾತನ್ನಷ್ಟೇ ಆಡುತ್ತಿದ್ದಿತು. ೧೯೮೬ರ ಗ್ರಾಹಕ ಸಂರಕ್ಷಣಾ ಕಾಯಿದೆ ಗ್ರಾಹಕನೆಂದರೆ ಯಾರೆಂದು ಹೇಳುವಾಗ, ಹಣ ಕೊಟ್ಟವನ ಜೊತೆಗೆ, ಅವನ ಒಪ್ಪಿಗೆಯಿಂದ ವಸ್ತುವನ್ನು ಬಳಸಿದವರನ್ನೂ ಸೇರಿಸಿತು. ಗಂಡ ತಂದ ಕುಕ್ಕರು ಸಿಡಿದು ಹೆಂಡತಿಯ ಕೈ ಸುಟ್ಟರೆ, ರಸೀದಿಯಲ್ಲಿ ಅವಳ ಹೆಸರಿಲ್ಲವೆಂದು ಅವಳನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಅದರ ಜಾಗಕ್ಕೆ ಬ೦ದ ೨೦೧೯ರ ಕಾಯಿದೆಯಲ್ಲಿ ‘ಉತ್ಪನ್ನದ ಹೊಣೆ’ಯೆಂದೇ ಒಂದು ಅಧ್ಯಾಯವಿದೆ, ಅದು ೨೦೨೦ರ ಜುಲೈಯಲ್ಲಿ ಜಾರಿಗೆ ಬಂದಿತು. ತಯಾರಿಕೆಯ ದೋಷ, ವಿನ್ಯಾಸದ ದೋಷ, ಅಪಾಯದ ಎಚ್ಚರಿಕೆಯನ್ನಾಗಲಿ ಬಳಸುವ ಕ್ರಮವನ್ನಾಗಲಿ ಸರಿಯಾಗಿ ಹೇಳದಿರುವುದು, ಇವುಗಳಿಗೆಲ್ಲ ತಯಾರಕ ಹೊಣೆ. ವಸ್ತು ಹೀಗೆ ಇರುವುದೆಂದು ಅವನು ಸ್ಪಷ್ಟವಾಗಿ ಭರವಸೆ ಕೊಟ್ಟಿದ್ದು ಅದು ಹಾಗೆ ಇಲ್ಲದಿದ್ದರೆ, ಅಜಾಗರೂಕತೆಯಿಂದ ಭರವಸೆ ಕೊಟ್ಟದ್ದಲ್ಲ ಎಂದು ತೋರಿಸಿದರೂ ಬಿಡುಗಡೆಯಿಲ್ಲ. ತಯಾರಕ ಯಾರೆಂಬುದೇ ಗೊತ್ತಾಗದಿದ್ದರೆ ಮಾರಿದವನನ್ನು ಹಿಡಿಯಬಹುದು. ಬೀದಿಬದಿಯಲ್ಲಿ ಹೆಸರಿಲ್ಲದ ವಿದ್ಯುತ್ ಸಾಮಾನುಗಳನ್ನು ಮಾರುವವರು ಈ ವಾಕ್ಯವನ್ನು ಓದಿಲ್ಲವೆಂದು ತೋರುತ್ತದೆ.

ಕಾಯಿದೆ ಎಲ್ಲರನ್ನೂ ಒಂದೇ ಕಡೆಗೆ ನಿಲ್ಲಿಸಿಲ್ಲ. ವಸ್ತುವನ್ನು ನಾವೇ ತಿದ್ದಿ ಕೆಡಿಸಿದ್ದರೆ, ಬಳಸಬಾರದ ರೀತಿಯಲ್ಲಿ ಬಳಸಿದ್ದರೆ, ಮಾರಿದವನ ಮೇಲೆ ದೂರು ನಿಲ್ಲುವುದಿಲ್ಲ. ಎಲ್ಲರಿಗೂ ತಿಳಿದಿರುವ ಅಪಾಯವನ್ನು ಚೀಟಿಯಲ್ಲಿ ಬರೆಯಲಿಲ್ಲವೆಂದು ತಯಾರಕನನ್ನು ದೂರುವಂತಿಲ್ಲ. ಚೂರಿಗೆ ಹರಿತವಿದೆಯೆಂದು ಯಾರು ಬರೆಯುತ್ತಾರೆ? ದೂರನ್ನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡಬೇಕು. ಸಾಮಾನಿಗೆ ಕೊಟ್ಟ ಬೆಲೆ ೫ ಲಕ್ಷ ರೂಪಾಯಿಗಳವರೆಗೆ ಇದ್ದರೆ, ೨೦೨೦ರ ನಿಯಮಗಳ ಪ್ರಕಾರ ಅದಕ್ಕೆ ಶುಲ್ಕವಿಲ್ಲ. ಪಾಪರ್ ಅರ್ಜಿ, ಪಾದ್ರಿಗಳ ಸಾಕ್ಷಿ ಏನೂ ಬೇಕಾಗಿಲ್ಲ. ವಕೀಲರಿಲ್ಲದೆ ತಾವೇ ನಿಂತು ವಾದಿಸಲೂಬಹುದು.